ತಾತನಿಗೊಂದು ಮುಚ್ಚಳ ಹೆಂಡ

ಶಿಜು ಅಜ್ಜಿಯ ಪರಿಚಯ ನನಗಾದದ್ದು ಒಂದು ಕಳ್ಳತನದಿಂದ. ಕದ್ದವಳು ಅವಳು, ಕಳಕೊಂಡವಳು ನಾನು.

ಸಿಯಾಟಲ್ ಕಡೆಯ ಚಳಿಯಲ್ಲಿ ಕರಿಬೇವಿನ ಗಿಡ ಸಾಕುವುದು ಎಂಥ ಪಾಡು ಎಂದು ಸಾಕಿದವರಿಗೇ ಗೊತ್ತು. ಅಕ್ಟೋಬರಿನಿಂದ ಮೇ ತನಕ ಅದನ್ನು ಮನೆಯೊಳಗೆ ಕಿಟಕಿಯ ಪಕ್ಕ ಕೂರಿಸಿ, ಹೀಟರಿನ ಗಾಳಿ ತಾಗದ ಹಾಗೆ ಮರೆ ಮಾಡಿ, ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಕುಡಿಸಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು. ಬೇಸಿಗೆಯ ಮೂರು ತಿಂಗಳು ಮಾತ್ರ ಅದಕ್ಕೆ ಹೊರಗಿನ ಬಿಸಿಲು. 2012ರ ಜೂನ್‌ನಲ್ಲಿ ಹಾಗೆ ಬೇಲಿಯ ಪಕ್ಕ ಇಟ್ಟ ಗಿಡದಿಂದ ದಿನಕ್ಕೆರಡು ಕಡ್ಡಿ ಮಾಯವಾಗತೊಡಗಿದವು. ನಾನು ಹತ್ತಿರದ ಫ್ಯಾಕ್ಟೋರಿಯಾ ಬಡಾವಣೆಯ ಒಂದು ಫೋನ್ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ನನ್ನ ಗಿಡಕ್ಕೇ ಕತ್ತರಿ ಹಾಕುವವರನ್ನು ಬಿಡುತ್ತೇನೆಯೇ? ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆ ಕಿಟಕಿಯ ಹಿಂದೆ ಕಾದು ಕೂತೆ. ಹತ್ತು ಗಂಟೆಗೆ ಸರಿಯಾಗಿ ಬೇಲಿಯ ಮೇಲಿಂದ ಒಂದು ಸುಕ್ಕುಗಟ್ಟಿದ ಕೈ ಇಳಿಯಿತು. ಕೈಯಲ್ಲಿ ಉಗುರು ಕತ್ತರಿಸುವ ಪುಟ್ಟ ಕತ್ತರಿ.

ಓಡಿಹೋಗಿ, ‘ಏನು ಮಾಡ್ತಿದೀರಿ?’ ಅಂದೆ.

ಬೇಲಿಯಾಚೆ ಒಂದು ಸ್ಟೂಲಿನ ಮೇಲೆ ನಿಂತಿದ್ದ ಜಪಾನಿ ಮುದುಕಿ ಸ್ವಲ್ಪವೂ ಗಾಬರಿಯಾಗಲಿಲ್ಲ. ‘ಕದೀತಿದೀನಿ,’ ಎಂದಳು. ‘ಎರಡು ವಾರದಿಂದ ಅನ್ನಕ್ಕೆ ಹಾಕ್ಕೊಂಡು ತಿಂತಿದೀನಿ, ಬಹಳ ಚೆನ್ನಾಗಿದೆ. ಏನಿದರ ಹೆಸರು?’

ಸಿಕ್ಕಿಬಿದ್ದ ಕಳ್ಳಿ ಕದ್ದ ಮಾಲಿನ ಹೆಸರು ಕೇಳಿದರೆ ಯಾರಿಗಾದರೂ ಏನು ಹೇಳಲು ತೋಚುತ್ತದೆ? ಹೆಸರು ಹೇಳಿ, ಇನ್ನೆರಡು ಕಡ್ಡಿ ಮುರಿದುಕೊಟ್ಟು ಒಳಗೆ ಬಂದೆ.

ಪೂರ್ತಿ ಹೆಸರು ಶಿಜುಯೆ ತಕಮೊರಿ. ವಯಸ್ಸು ಆಗ ಎಪ್ಪತ್ತೊಂಬತ್ತು. ಗಂಡ ತೀರಿಹೋಗಿ ಎಷ್ಟೋ ವರ್ಷ, ಒಬ್ಬಳೇ ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಹುಟ್ಟಿದ್ದು ಸಿಯಾಟಲ್‌ನ ಜಾಕ್ಸನ್ ಸ್ಟ್ರೀಟಿನಲ್ಲಿ, ತಾತನ ತೋಫು ಅಂಗಡಿಯ ಮಹಡಿಯ ಮೇಲೆ. ಇಂಗ್ಲಿಷ್ ನನ್ನದಕ್ಕಿಂತ ಸ್ವಚ್ಛ. ಆದರೂ ಅಂಗಡಿಯಲ್ಲಿ ಯಾರಾದರೂ ‘ನಿಮ್ಮ ದೇಶ ಯಾವುದು?’ ಎಂದು ಕೇಳುತ್ತಿದ್ದರು. ‘ನಿನ್ನದು ಯಾವುದೋ ಅದೇ, ಆದರೆ ನಾನು ನಿನಗಿಂತ ಐವತ್ತು ವರ್ಷ ಮುಂಚೆ ಬಂದೆ,’ ಎನ್ನುತ್ತಿದ್ದಳು.

ಕದಿಯುವುದು ಅವಳಿಗೆ ಚಟವಲ್ಲ, ವ್ರತ. ಅವಳೊಂದಿಗೆ ಕಾಫಿಗೆ ಹೋದರೆ ಮೇಜಿನ ಮೇಲಿನ ಸಕ್ಕರೆ ಪೊಟ್ಟಣಗಳೆಲ್ಲ ಅವಳ ಚೀಲ ಸೇರುತ್ತಿದ್ದವು. ಕೆಚಪ್, ಸೋಯಾ ಸಾಸ್, ಉಪ್ಪು, ಮರದ ಚಮಚ, ಲೈಬ್ರರಿಯ ಗಿಡ್ಡ ಪೆನ್ಸಿಲ್ ಯಾವುದನ್ನೂ ಬಿಡುತ್ತಿರಲಿಲ್ಲ. ಆ ಚೀಲ ಬಿಚ್ಚಿದರೆ ಸಣ್ಣದೊಂದು ಹೋಟೆಲು ನಡೆಸಬಹುದಿತ್ತು. ಹಾಗೆಂದು ಜಿಪುಣಿಯಲ್ಲ. ನಮ್ಮ ಬಾಗಿಲ ಮುಂದೆ ಆಗಾಗ ಮೂಲಂಗಿ, ಬೆಂಡೆ, ಪರ್ಸಿಮನ್ ಹಣ್ಣು ಇಟ್ಟು ಹೇಳದೆ ಹೋಗುತ್ತಿದ್ದಳು. ಒಂದು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಊಟ ಬಡಿಸಿದವಳು. ಒಂದು ತಟ್ಟೆಗೆ ಒಂದೇ ಸೌಟು ಎಂಬುದು ಅಲ್ಲಿಯ ನಿಯಮ. ಹಸಿದ ಮುಖ ಕಂಡರೆ ಇವಳ ಸೌಟು ಎರಡು ಸಲ ಜಾರುತ್ತಿತ್ತು. ಮೇಲಿನವರು ಕೇಳಿದರೆ, ‘ಕೈ ನಡುಗುತ್ತೆ,’ ಎನ್ನುತ್ತಿದ್ದಳಂತೆ. ಕೈ ನಡುಗುವ ವಯಸ್ಸು ಆಗ ಅವಳಿಗೆ ಮೂವತ್ತಾರು!

ಇವಳಿಗೆ ಸರಿಜೋಡಿ ಸಿಕ್ಕಿದ್ದು 2014ರಲ್ಲಿ, ನನ್ನ ಅತ್ತೆ ದೇವೀರಮ್ಮನವರು ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಾಗ. ಅತ್ತೆ ಮದ್ದೂರಿನ ಕಡೆಯವರು. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ‘ಥ್ಯಾಂಕ್ಯೂ’ ಒಂದೇ, ಅದನ್ನೂ ಬೈಯುವ ಧಾಟಿಯಲ್ಲೇ ಹೇಳುತ್ತಿದ್ದರು. ಶಿಜು ಅಜ್ಜಿಗೆ ಕನ್ನಡದ ಗಂಧವಿಲ್ಲ. ಆದರೂ ಮಧ್ಯಾಹ್ನವಾದರೆ ಇಬ್ಬರೂ ನಮ್ಮ ಹಿತ್ತಲಿನಲ್ಲಿ ಕೂತು ಎಡಮಾಮೆ ಸುಲಿಯುತ್ತಿದ್ದರು. ಜಪಾನಿಯರ ಈ ಹಸಿ ಸೋಯಾ ಕಾಳನ್ನು ಅತ್ತೆ ಅವರೆಕಾಳೆಂದೇ ನಂಬಿ ಹುಳಿ ಮಾಡುತ್ತಿದ್ದರು. ಒಬ್ಬರು ಮದ್ದೂರು ಕನ್ನಡದಲ್ಲಿ ಸೊಸೆಯನ್ನು ಬೈದರೆ, ಇನ್ನೊಬ್ಬಳು ಇಂಗ್ಲಿಷಿನಲ್ಲಿ ಮಗಳನ್ನು ಬೈಯುತ್ತಿದ್ದಳು. ಇಬ್ಬರೂ ಸರಿಯಾದ ಜಾಗದಲ್ಲೇ ತಲೆ ಆಡಿಸುತ್ತಿದ್ದರು.

ಆ ಬೇಸಿಗೆಯಲ್ಲೇ ಮಗಳು ಶಿಜು ಅಜ್ಜಿಯ ಮನೆ ಮಾರಿದಳು. ಸೆಪ್ಟೆಂಬರ್ ಕೊನೆಗೆ ಅಜ್ಜಿಯನ್ನು ಸ್ಯಾನ್ ಹೋಸೆಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು.

ಸೆಪ್ಟೆಂಬರಿನಲ್ಲಿ ಪಿತೃಪಕ್ಷ ಬಂತು. ನನ್ನ ಮಾವನವರಿಗೆ ಅತ್ತೆ ಎಡೆ ಇಡಬೇಕು. ಏಷ್ಯನ್ ಅಂಗಡಿಯ ಫ್ರೀಜರಿನಿಂದ ಬಾಳೆಲೆ ತಂದು, ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ ಎಲ್ಲ ಅಣಿಯಾಯಿತು. ಮಾವನವರಿಗೆ ಪ್ರಿಯವಾಗಿದ್ದ ಬ್ರಾಂದಿಯನ್ನು ನಾನೇ ಹೋಗಿ ತರಬೇಕಾಯಿತು. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವಳು ನಾನು. ಅಂಗಡಿಯವನು ವಯಸ್ಸಿನ ಗುರುತು ಕೇಳಿದಾಗ ಕಳ್ಳಸಾಗಣೆ ಮಾಡಿದವಳಂತೆ ಬೆವತೆ.

ಎಡೆಯ ಹೊತ್ತಿಗೆ ಬಂದ ಶಿಜು ಅಜ್ಜಿ ಅದನ್ನೆಲ್ಲ ಬಹಳ ಹೊತ್ತು ನೋಡಿದಳು. ‘ಇಷ್ಟಪಡ್ತಿದ್ದದ್ದನ್ನೆಲ್ಲ ಇಡ್ತೀರಾ? ಹೆಂಡವನ್ನೂ?’

‘ಹೆಂಡವನ್ನೂ,’ ಎಂದೆ, ಸ್ವಲ್ಪ ನಾಚಿಕೆಯಿಂದಲೇ.

‘ನಮ್ಮಲ್ಲೂ ಆಗಸ್ಟಿನಲ್ಲಿ ಸತ್ತವರಿಗೆ ಇಡ್ತೀವಿ. ನನ್ನ ತಾತನಿಗೆ ಅನ್ನ ಇಡ್ತೀನಿ, ಚಹಾ ಇಡ್ತೀನಿ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು. ಅದನ್ನು ಮಾತ್ರ ಎಪ್ಪತ್ತೆರಡು ವರ್ಷದಿಂದ ಇಟ್ಟಿಲ್ಲ.’

ನಾನು ಇದನ್ನು ಅತ್ತೆಗೆ ಹೇಳಿದೆ. ಅತ್ತೆ ಬೀಡಿ ಕಟ್ಟನ್ನು ಎಲೆಯ ಮೇಲೆ ನೆಟ್ಟಗೆ ಮಾಡುತ್ತಾ, ‘ಎಲ್ಲಿ ಸತ್ತನಂತೆ ಅವರ ತಾತ? ಕ್ಯೋಳು,’ ಎಂದರು.

‘ಪ್ಯುಯಲಪ್ ಜಾತ್ರೆಯಲ್ಲಿ,’ ಎಂದಳು ಶಿಜು ಅಜ್ಜಿ.

ಪ್ಯುಯಲಪ್ ನಮ್ಮಲ್ಲಿಂದ ಮುಕ್ಕಾಲು ಗಂಟೆ ದಾರಿ. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ತೇರಿನ ಜಾತ್ರೆಯಲ್ಲ, ದನ, ಕುದುರೆ, ಕುಂಬಳಕಾಯಿಗಳಿಗೆ ಬಹುಮಾನ ಕೊಡುವ ಜಾತ್ರೆ. ಅಮೆರಿಕಕ್ಕೆ ಬಂದ ವರ್ಷದಿಂದ ನಾನು ತಪ್ಪದೆ ಹೋಗಿ, ಸ್ಕೋನ್ ಎಂಬ ಬಿಸಿ ಬನ್ನಿಗೆ ಜಾಮ್ ಹಚ್ಚಿಕೊಂಡು ತಿಂದು ಬಂದವಳು. ಆ ತಾತನಂಥವರ ನೆನಪಿಗೆ ಅಲ್ಲೊಂದು ಸ್ಮಾರಕವೂ ಇದೆಯಂತೆ. ಅದರ ಪಕ್ಕದಲ್ಲೇ ಸ್ಕೋನ್ ಹಿಡಿದು ನಡೆದಿರಬೇಕು, ನೋಡಿದ್ದ ನೆನಪಿಲ್ಲ. ನಾಚಿಕೆಯಾಗುತ್ತದೆ.

ಅಜ್ಜಿ ಹೇಳಿದ ಕತೆ ಇದು. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಮುಂದಿನ ವಸಂತದಲ್ಲಿ ಪಶ್ಚಿಮ ಕರಾವಳಿಯ ಜಪಾನಿಯರನ್ನೆಲ್ಲ, ಇಲ್ಲಿಯೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ಸರ್ಕಾರ ಮನೆಯಿಂದ ಎಬ್ಬಿಸಿತು. ಕೈಯಲ್ಲಿ ಹೊರುವಷ್ಟು ಸಾಮಾನು, ಕೋಟಿಗೆ ಕಟ್ಟಿದ ನಂಬರಿನ ಚೀಟಿ. ಸಿಯಾಟಲ್‌ನವರನ್ನು ಈ ಜಾತ್ರೆ ಮೈದಾನಕ್ಕೆ ತಂದು, ಸುತ್ತ ಮುಳ್ಳುತಂತಿ ಎಳೆದು, ಬಂದೂಕಿನವರನ್ನು ನಿಲ್ಲಿಸಿದರು. ಶಿಜುಗೆ ಒಂಬತ್ತು ವರ್ಷ. ಅವಳ ಮನೆಯ ಆರು ಜನರಿಗೆ ಸಿಕ್ಕಿದ್ದು ಒಂದು ಕುದುರೆಯ ಕೊಟ್ಟಿಗೆ. ಚೀಲಕ್ಕೆ ಹುಲ್ಲು ತುಂಬಿಕೊಂಡು ಅದರ ಮೇಲೆ ಮಲಗುವುದು. ಊಟಕ್ಕೆ ಸಾಲು, ಪಾಯಿಖಾನೆಗೆ ಸಾಲು. ತಗಡಿನ ಡಬ್ಬಿಯ ಕೆಟ್ಟ ಮಾಂಸ ತಿಂದು ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಓಡಿದ ದಿನದ ಕತೆಯನ್ನು ಅವಳು ನಗುನಗುತ್ತಲೇ ಹೇಳಿದಳು. ಪಾಯಿಖಾನೆಯ ಸಾಲಿನಲ್ಲಿ ಹಣದಾಸೆಗೆ ಜಾಗ ಮಾರಿದವರೂ ಇದ್ದರಂತೆ.

ಅವಳ ತಾತ ಸುಮ್ಮನೆ ಕೂರುವ ಆಸಾಮಿಯಲ್ಲ. ಮನೆ ಬಿಡುವಾಗ ಎಲ್ಲರೂ ಕಂಬಳಿ, ಪಾತ್ರೆ ಕಟ್ಟಿಕೊಂಡರೆ, ಅವನು ಅಕ್ಕಿ ಹುಳಿಯಿಸುವ ಹೆಪ್ಪನ್ನು ಕಾಲುಚೀಲದಲ್ಲಿ ಅಡಗಿಸಿ ತಂದಿದ್ದ. ಅಡುಗೆಯವರು ಎಸೆದ ದೊಡ್ಡ ಗಾಜಿನ ಭರಣಿ ಹುಡುಕಿ ತಂದು, ಕೊಟ್ಟಿಗೆಯ ನೆಲಹಲಗೆಯ ಕೆಳಗೆ ಗುಂಡಿ ತೋಡಿ, ಅದರಲ್ಲಿ ಅಕ್ಕಿ ಹೆಂಡ ಹುಳಿಯಲು ಇಟ್ಟ. ಜಪಾನಿಯರು ಸಾಕೆ ಅನ್ನುತ್ತಾರಲ್ಲ, ಅದು. ಅದಕ್ಕೆ ಬೇಕಾದ ಅನ್ನ ಕದಿಯುವ ಕೆಲಸ ಮೊಮ್ಮಗಳದು. ಅವಳು ಎರಡು ಸಲ ಸಾಲಿನಲ್ಲಿ ನಿಂತು, ಎರಡನೆಯ ಸಲದ ಅನ್ನವನ್ನು ಲಂಗದ ಜೇಬಿಗೆ ತುಂಬಿಕೊಂಡು ಬರುತ್ತಿದ್ದಳು. ತಾತ ದಿನಾ ಸಂಜೆ ಕೇಳುವುದು, ‘ಆಯ್ತಾ?’ ಇವಳು ಹಲಗೆ ಎತ್ತಿ ಮೂಸಿ ನೋಡಿ ಹೇಳುವುದು, ‘ಇನ್ನೂ ಇಲ್ಲ.’

‘ಆಮೇಲೆ?’ ಎಂದೆ.

‘ಆಮೇಲೆ ಕಾವಲಿನವರಿಗೆ ಭರಣಿ ಸಿಕ್ಕಿಬಿಡ್ತು. ಆಗಸ್ಟಿನಲ್ಲಿ ತಾತ ಹೊಟ್ಟೆ ಕೆಟ್ಟು ಸತ್ತ. ಒಂದು ಗುಟುಕೂ ಕುಡೀಲಿಲ್ಲ. ಟ್ರಕ್ಕಿನಲ್ಲಿ ಹಾಕಿಕೊಂಡು ಹೋದರು. ಒಂದು ವಾರದ ಮೇಲೆ ಬೂದಿ ಮಾಡಿ ತಗಡಿನ ಡಬ್ಬಿಯಲ್ಲಿ ವಾಪಸ್ ತಂದುಕೊಟ್ಟರು. ಸತ್ತ ಮೇಲಾದರೂ ಹೊರಗೆ ಹೋದ ಅಂದುಕೊಂಡಿದ್ವಿ. ಮತ್ತೆ ಒಳಗೇ ಬಂದ.’ ಅಷ್ಟು ಹೇಳಿ ಎದುರಿಗಿದ್ದ ಕಜ್ಜಾಯವನ್ನು ಕೇಳದೆ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತೀರ್ಪು ಕೊಟ್ಟರು. ‘ನಮ್ಮತ್ತೆ ತಮ್ಮ ಕಲ್ಲುಕ್ವಾರಿಲಿ ಸತ್ತಾಗ ನಮ್ಮನೇಲಿ ಏನ್ ಮಾಡಿದ್ರು ಗೊತ್ತಾ? ಸತ್ತ ಜಾಗಕ್ಕೇ ಓಗಿ, ಆಸೆಪಟ್ಟಿದ್ದ ಇಕ್ಕಿ, ಅವ್ನ ಎಸ್ರಿಡಿದು ಕರೆದು, ಮನೆಗೆ ಕರ್ಕಂಬಂದ್ರು. ಇಲ್ದಿದ್ರೆ ಅಲ್ಲೇ ನಿಂತಿರ್ತಾನೆ ಕಣವ್ವ. ಈವಮ್ಮನ ತಾತಂಗೂ ಅಂಗೇ ಮಾಡಾನ. ಶನಿವಾರ ಕಾರ್ ತೆಗಿ.’

ಅನುವಾದ ಕೇಳಿದ ಶಿಜು ಅಜ್ಜಿಯ ಮುಖದಲ್ಲಿ ಅಂಥ ಆಸೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಎಪ್ಪತ್ತೆರಡು ವರ್ಷದಲ್ಲಿ ಅವಳು ಒಮ್ಮೆಯೂ ಆ ಮೈದಾನಕ್ಕೆ ಕಾಲಿಟ್ಟಿರಲಿಲ್ಲ. ‘ಊರು ಬಿಡೋ ಮುಂಚೆ ಅದೊಂದು ಆಗಬೇಕು,’ ಎಂದಳು.

ತೊಂದರೆ ಒಂದೇ. ಜಾತ್ರೆಗೆ ಹೊರಗಿನಿಂದ ಊಟ ಒಯ್ಯಬಹುದು, ಹೆಂಡ ಒಯ್ಯುವ ಹಾಗಿಲ್ಲ. ಬಾಗಿಲಲ್ಲಿ ಚೀಲ ಬಿಚ್ಚಿ ನೋಡುತ್ತಾರೆ. ಈ ತೊಂದರೆಯನ್ನು ಇಬ್ಬರು ಮುದುಕಿಯರು ಭಾಷೆಯಿಲ್ಲದೆ ಅರ್ಧ ಗಂಟೆಯಲ್ಲಿ ಬಗೆಹರಿಸಿದರು. ಸಾಕೆಯಲ್ಲಿ ಸೋಸದೆ ಬಿಟ್ಟ ಒಂದು ಬಗೆಯಿದೆ, ನೋಡಲು ಥೇಟ್ ನೀರುಮಜ್ಜಿಗೆ. ಗುರುವಾರ ಶಿಜು ಅಜ್ಜಿ ಅದರದೊಂದು ಬಾಟಲಿ ತಂದಳು, ಅತ್ತೆ ಅದನ್ನು ಮೊಸರಿನ ಡಬ್ಬಿಗೆ ಸುರಿದು, ಮೇಲೆ ಎರಡೆಸಳು ಕರಿಬೇವು ತೇಲಿಬಿಟ್ಟರು. ಇಲ್ಲಿನ ನಮ್ಮವರ ಫ್ರಿಜ್ಜಿನಲ್ಲಿ ಮೊಸರಿನ ಖಾಲಿ ಡಬ್ಬಿಗಳದ್ದೇ ರಾಜ್ಯ. ಹೊರಗೆ ಎಲ್ಲದರ ಮೇಲೂ ಮೊಸರು ಎಂದೇ ಬರೆದಿರುತ್ತದೆ, ಒಳಗೆ ದೋಸೆ ಹಿಟ್ಟು, ನಿನ್ನೆಯ ಹುಳಿ, ಚಟ್ನಿ ಏನಾದರೂ ಇರಬಹುದು. ಆ ಪಟ್ಟಿಗೆ ಈಗ ಹೆಂಡವೂ ಸೇರಿಕೊಂಡಿತು. ನನ್ನ ಕರಿಬೇವು ಈ ಕೆಲಸಕ್ಕೂ ಬಂತಲ್ಲ ಎಂದು ನಾನು ತಲೆ ಚಚ್ಚಿಕೊಂಡೆ.

ಈಗ ನನ್ನ ಪಾಪ ಹೇಳಿಬಿಡುತ್ತೇನೆ. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಆಗ ಏಳು ವರ್ಷ ಸಾಲಿನಲ್ಲಿ ನಿಂತು ನಿಂತು ಕೊನೆಯ ಹಂತಕ್ಕೆ ಬಂದಿತ್ತು. ‘ಏನೂ ಎಡವಟ್ಟು ಮಾಡ್ಕೋಬೇಡ, ಸ್ಪೀಡಿಂಗ್ ಟಿಕೆಟ್ ಕೂಡ ಬೇಡ,’ ಎಂದು ನನ್ನ ಗಂಡ ಮಂಜುನಾಥ ದಿನಾ ಬೆಳಿಗ್ಗೆ ಮಂತ್ರದ ಹಾಗೆ ಹೇಳುತ್ತಿದ್ದ. ಕದ್ದು ಹೆಂಡ ಸಾಗಿಸಿ ಸಿಕ್ಕಿಬಿದ್ದರೆ? ಅದೂ ಡಬ್ಬಿ ಹಿಡಿದ ಕೈ ನನ್ನದು. ಶನಿವಾರ ಬೆಳಿಗ್ಗೆ ಇಬ್ಬರೂ ಸಿಂಗಾರ ಮಾಡಿಕೊಳ್ಳುತ್ತಿದ್ದಾಗ ನಾನು ಫ್ರಿಜ್ ತೆಗೆದೆ. ಅಂಥದೇ ಇನ್ನೊಂದು ಡಬ್ಬಿಗೆ ನಿಜವಾದ ಮಜ್ಜಿಗೆ ಸುರಿದು, ಎರಡೆಸಳು ಕರಿಬೇವು ಹಾಕಿ, ಅದನ್ನೇ ಚೀಲದಲ್ಲಿಟ್ಟೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಲೆಯ ಮೇಲೆ ಬೆಳ್ಳಗೆ ಒಂದು ಗುಟುಕು ಬಿದ್ದರಾಯಿತು, ಯಾರು ಕುಡಿದು ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಜಾತ್ರೆಯ ಬಾಗಿಲಿನಲ್ಲಿ ಶಿಜು ಅಜ್ಜಿ ಮೊದಲ ತಗಾದೆ ತೆಗೆದಳು. ‘ನನಗೆ ಟಿಕೆಟ್ ಯಾಕೆ? ಹೋದ ಸಲ ಬಿಟ್ಟಿಯಾಗೇ ಒಳಗೆ ಬಿಟ್ಟಿದ್ದರು.’ ಅವಳನ್ನು ಸುಮ್ಮನಿರಿಸಿ ಟಿಕೆಟ್ ತಂದೆ. ಚೀಲ ನೋಡುವವನು ಬಿಳಿ ಗಡ್ಡದ ಸೌಮ್ಯ ಮನುಷ್ಯ. ಅವನು ಮೊಸರಿನ ಡಬ್ಬಿಗೆ ಕೈ ಹಾಕಿದ್ದೇ ತಡ, ಅತ್ತೆಗೆ ಕೆಮ್ಮು ಶುರುವಾಯಿತು. ಶಿಜು ಅಜ್ಜಿ ಇದ್ದಕ್ಕಿದ್ದಂತೆ ಸೊಂಟ ಬಗ್ಗಿಸಿ ನೂರು ವರ್ಷದವಳಾದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದನ್ನು ಇವರಿಂದ ಕಲಿಯಬೇಕು. ಅವನು ಮುಚ್ಚಳ ತೆಗೆದು ಮೂಸಿದ. ‘ಬಟರ್‌ಮಿಲ್ಕ್,’ ಎಂದೆ ನಾನು, ಜೀವಮಾನದಲ್ಲೇ ಅಷ್ಟು ಧೈರ್ಯವಾಗಿ ಸತ್ಯ ಹೇಳಿದವಳ ಹಾಗೆ. ಅವನು ಮುಚ್ಚಳ ಹಾಕಿದ. ಅಜ್ಜಿಯ ಚೀಲದಲ್ಲಿ ನಲವತ್ತು ಕೆಚಪ್ ಪೊಟ್ಟಣ, ಹನ್ನೆರಡು ಪೆನ್ಸಿಲ್, ಒಂದು ಕೆಮ್ಮಿನ ಔಷಧಿಯ ಬಾಟಲಿ ಕಂಡು ನಕ್ಕು, ‘ಚೆನ್ನಾಗಿ ಎಂಜಾಯ್ ಮಾಡಿ, ಅಮ್ಮ,’ ಎಂದು ಒಳಗೆ ಬಿಟ್ಟ.

ಒಳಗೆ ಹೋದ ಮೇಲೆ ಅಜ್ಜಿಯ ನಡಿಗೆ ನಿಧಾನವಾಯಿತು. ರೋಲರ್ ಕೋಸ್ಟರಿನ ಬಿಳಿಯ ಮರದ ಅಟ್ಟಣೆ ಕಂಡಿದ್ದೇ ನಿಂತುಬಿಟ್ಟಳು. ‘ಇದು ಆಗಲೂ ಇತ್ತು,’ ಎಂದಳು. ‘ನಾಲ್ಕು ತಿಂಗಳು ದಿನಾ ನೋಡಿದೀವಿ. ಒಂದು ದಿನವೂ ಓಡಿಸಲಿಲ್ಲ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು?’ ಆಮೇಲೆ ಅದರ ತಿರುವಿನಿಂದ ಹೆಜ್ಜೆ ಎಣಿಸುತ್ತಾ, ಎರಡು ಸಲ ದಾರಿ ತಪ್ಪಿ, ಒಂದು ಉದ್ದನೆಯ ಕೊಟ್ಟಿಗೆಯ ಮುಂದೆ ಬಂದಳು. ಕಟ್ಟಡ ಹೊಸದು, ಜಾಗ ಮಾತ್ರ ಹಳೆಯದು ಎಂದಳು. ಅದೀಗ ಆಡುಗಳ ಕೊಟ್ಟಿಗೆ. ಒಳಗೆ ಸಾಲಾಗಿ ದೊಡ್ಡಿಗಳು. ಅವಳು ತೋರಿಸಿದ ದೊಡ್ಡಿಯಲ್ಲಿ ಕಿವಿ ಜೋಲು ಬಿದ್ದ ಒಂದು ಕಂದು ಬಣ್ಣದ ಆಡು, ಅದರ ತಲೆಯ ಮೇಲ್ಗಡೆ ಕಂಬಿಗೆ ಮೊದಲ ಬಹುಮಾನದ ನೀಲಿ ರಿಬ್ಬನ್ನು.

‘ನಮ್ಮ ಮನೆ,’ ಎಂದಳು ಅಜ್ಜಿ. ‘ನಾವಿದ್ದಾಗ ಬಹುಮಾನ ಬಂದಿರಲಿಲ್ಲ.’

ಜನ ಮಧ್ಯಾಹ್ನದ ಊಟಕ್ಕೆ ಹೋಗಿದ್ದ ಹೊತ್ತು. ಅತ್ತೆ ದೊಡ್ಡಿಯ ಬದಿಗೆ ಕೂತು, ಕಂಬಿಯ ಸಂದಿಯಲ್ಲಿ ಬಾಳೆಲೆಯ ತುಂಡು ಹಾಸಿದರು. ಅಜ್ಜಿ ಮಾಡಿ ತಂದಿದ್ದ ಅನ್ನದ ಉಂಡೆ, ಉಪ್ಪಿನಕಾಯಿ, ಜೊತೆಗೆ ನಮ್ಮ ಮನೆಯ ಕಜ್ಜಾಯ ಬಡಿಸಿದರು. ‘ಬೀಗರ ಮನೆದೂ ಒಂದಿರ್ಲಿ,’ ಎಂದರು. ಅಜ್ಜಿ ಮಂಡಿಯೂರಿ ಕೂತಳು. ಎಂಬತ್ತೊಂದು ವರ್ಷದ ಆ ಕಳ್ಳಿಯ ಮುಖ ಒಂಬತ್ತು ವರ್ಷದವಳಂತೆ ಆಗಿತ್ತು. ಅವಳು ಕೈ ಚಾಚಿದಳು, ಡಬ್ಬಿಗೆ.

ನನ್ನಿಂದಾಗಲಿಲ್ಲ. ಆ ಕೈಗೆ ಮಜ್ಜಿಗೆ ಕೊಡಲು ನನ್ನಿಂದ ಆಗಲಿಲ್ಲ.

‘ಇದು ಬರೀ ಮಜ್ಜಿಗೆ,’ ಎಂದೆ. ‘ಬೆಳಿಗ್ಗೆ ನಾನೇ ಬದಲಾಯಿಸಿದೆ. ಹೆದರಿಕೆ ಆಯ್ತು, ಶಿಜು. ಪೇಪರ್ಸ್‌ಗೆ ತೊಂದರೆ ಆಗುತ್ತೇನೋ ಅಂತ. ತಪ್ಪಾಯ್ತು.’

ಅತ್ತೆಗೆ ಇಂಗ್ಲಿಷ್ ತಿಳಿಯದಿದ್ದರೂ ನನ್ನ ಮುಖ ತಿಳಿಯಿತು. ಡಬ್ಬಿ ಕಿತ್ತುಕೊಂಡು ಬೆರಳದ್ದಿ ನೆಕ್ಕಿದರು. ‘ಥೂ ನಿನ್ನ! ಸತ್ತೋರ ಬಾಯಿಗೂ ಮೋಸ ಮಾಡ್ದಲ್ಲೇ!’ ನಾನು ಅಳುವುದೊಂದು ಬಾಕಿ.

ಶಿಜು ಅಜ್ಜಿ ಬೈಯಲಿಲ್ಲ. ಆಡನ್ನೇ ನೋಡುತ್ತಾ, ‘ಕಾವಲಿನವರಿಗೆ ಭರಣಿ ಸಿಗಲೇ ಇಲ್ಲ,’ ಎಂದಳು.

ನನಗೆ ಅರ್ಥವಾಗಲಿಲ್ಲ.

‘ಸುಳ್ಳು ಹೇಳಿದೆ. ನನ್ನ ಅಮ್ಮನಿಗೂ ಅದನ್ನೇ ಹೇಳಿದೆ, ಗಂಡನಿಗೂ, ಮಗಳಿಗೂ. ಆವತ್ತು ಸಂಜೆ ಕೊಟ್ಟಿಗೆ ತಪಾಸಣೆಗೆ ಬರ್ತಾರೆ ಅಂತ ಸುದ್ದಿ ಹಬ್ಬಿತು. ಸಿಕ್ಕರೆ ತಾತನ್ನ ಬೇರೆ ಕಡೆ ಎಳ್ಕೊಂಡು ಹೋಗ್ತಾರೆ ಅಂತ ಯಾರೋ ಅಂದರು. ಹಲಗೆ ಎತ್ತಿ ಮೂಸಿದೆ. ಆಗಿತ್ತು. ಅವತ್ತೇ ಸರಿಯಾಗಿ ಹದಕ್ಕೆ ಬಂದಿತ್ತು. ಹಾಗೇ ಎತ್ತಿಕೊಂಡು ಹೋಗಿ ಪಾಯಿಖಾನೆಗೆ ಸುರಿದೆ. ಯಾರೂ ತಪಾಸಣೆಗೆ ಬರಲಿಲ್ಲ. ತಾತನಿಗೆ ಆಗಲೇ ಏಳೋಕಾಗ್ತಿರಲಿಲ್ಲ. ಹುಲ್ಲಿನ ಮೇಲೆ ಮಲಗಿದ್ದವನು ಕೇಳಿದ, ಆಯ್ತಾ ಅಂತ. ನಾಳೆ ಅಂದೆ. ಬೆಳಿಗ್ಗೆ ಹೊತ್ತಿಗೆ ಹೋಗಿಬಿಟ್ಟಿದ್ದ.’

ಇದನ್ನು ಅತ್ತೆಗೆ ಕನ್ನಡದಲ್ಲಿ ಹೇಳುವುದು ನನ್ನ ಪಾಲಿಗೆ ಬಂತು. ಅತ್ತೆ ಕೇಳಿಸಿಕೊಂಡು ಶಿಜು ಅಜ್ಜಿಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ‘ಯೋಳು ಆವಮ್ಮಂಗೆ. ಒಂಬತ್ತು ವರ್ಸದ ಮಗೀಗೆ ಎದರಿಕೆ ಆಗ್ದೆ ಇನ್ನೇನಾದದು? ತೆಪ್ಪು ಎದರ್ಸಿದೋರ್ದು. ಎದರ್ಕಂಡೋರ್ದಲ್ಲ.’ ಆಮೇಲೆ ನನ್ನ ಕಡೆ ತಿರುಗಿ, ‘ನಿಂಗೂ ಸೇರ್ಸೇ ಯೋಳ್ತಿರೋದು,’ ಎಂದರು.

ನಾನು ಇಂಗ್ಲಿಷಿಗೆ ತಿರುಗಿಸಿದೆ. ಅಜ್ಜಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಮೂಗೊರೆಸಿಕೊಂಡು ಚೀಲಕ್ಕೆ ಕೈ ಹಾಕಿ, ಕೆಚಪ್ ಪೊಟ್ಟಣಗಳನ್ನು ಆಚೆ ಸರಿಸಿ, ಕೆಮ್ಮಿನ ಔಷಧಿಯ ಬಾಟಲಿ ಹೊರತೆಗೆದಳು. ಮುಚ್ಚಳ ತಿರುಗಿಸುತ್ತಿದ್ದ ಹಾಗೆ ಹುಳಿ ಅಕ್ಕಿಯ ವಾಸನೆ ನನ್ನ ಮೂಗಿಗೆ ಬಡಿಯಿತು.

‘ಗುರುವಾರವೇ ನಿನ್ನ ಕಣ್ಣು ನೋಡಿದೆ,’ ಎಂದಳು. ‘ಹೆದರಿದವರ ಕಣ್ಣು ನನಗೆ ಗೊತ್ತಾಗುತ್ತೆ. ಔಷಧಿ ಬಾಟಲಿ ಯಾರೂ ಮೂಸೋದಿಲ್ಲ.’

‘ಮತ್ತೆ ನನ್ನ ಕೈಲಿ ಆ ಡಬ್ಬಿ ಯಾಕೆ ಹೊರಿಸಿದ್ರಿ?’ ನನಗೆ ಅಳುವಿನ ಮಧ್ಯೆಯೂ ಸಿಟ್ಟು ಬಂತು.

‘ಅವನು ಯಾವುದಾದರೂ ಒಂದನ್ನು ಮೂಸಬೇಕಲ್ಲ!’

ಬಾಟಲಿಯ ಮುಚ್ಚಳವನ್ನೇ ಬಟ್ಟಲು ಮಾಡಿ, ತುಂಬ ಸುರಿದು, ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಜಪಾನಿಯಲ್ಲಿ ಒಂದೇ ಮಾತು ಆಡಿ, ಎಲೆಯ ಮೇಲೆ ನಿಧಾನವಾಗಿ ಬಗ್ಗಿಸಿದಳು. ಏನು ಹೇಳಿದಿರಿ ಎಂದು ಆಮೇಲೆ ಕೇಳಿದೆ. ‘ಆಯ್ತು, ತಾತ,’ ಎಂದಳಂತೆ, ಅಷ್ಟೇ.

ನಮ್ಮಲ್ಲಿ ಎಡೆಯನ್ನು ಕಾಗೆ ಮುಟ್ಟಬೇಕು. ಇಲ್ಲಿ ಕಾಗೆ ಎಲ್ಲಿಂದ ತರುವುದು ಎಂದು ನಾನು ಸೂರು ನೋಡುತ್ತಿದ್ದಾಗ, ಮೊದಲ ಬಹುಮಾನದ ಆಡು ಕಂಬಿಯ ಸಂದಿಯಲ್ಲಿ ಮೂತಿ ತೂರಿಸಿ, ಅನ್ನದ ಉಂಡೆ, ಕಜ್ಜಾಯ, ಸಾಕೆಯಲ್ಲಿ ನೆನೆದ ಬಾಳೆಲೆ ಎಲ್ಲವನ್ನೂ ಒಂದೇ ಉಸಿರಿಗೆ ಮುಗಿಸಿತು. ಗಡ್ಡ ಅಲ್ಲಾಡಿಸಿ, ಇನ್ನೂ ಇದೆಯಾ ಎನ್ನುವ ಹಾಗೆ ನೋಡಿತು. ‘ಬಂದು ಉಂಡ,’ ಎಂದು ಅತ್ತೆ ಕೈ ಮುಗಿದರು. ಉಳಿದದ್ದು ಪ್ರಸಾದ, ಮನೆಯವರು ತೆಗೆದುಕೊಳ್ಳಲೇಬೇಕು ಎಂದು ಮೂವರಿಗೂ ಒಂದೊಂದು ಮುಚ್ಚಳ ಹಂಚಿದರು. ಗ್ರೀನ್ ಕಾರ್ಡನ್ನು ನೆನೆದು, ಕಣ್ಣು ಮುಚ್ಚಿ, ನಾನೂ ನುಂಗಿದೆ. ಕಹಿಯೋ ಸಿಹಿಯೋ ಗೊತ್ತಾಗಲಿಲ್ಲ, ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಹಸಿರು ಅಂಗಿಯ ಕೆಲಸಗಾರ್ತಿಯೊಬ್ಬಳು ಓಡಿಬಂದಳು. ಬಹುಮಾನದ ಆಡಿಗೆ ಹೊರಗಿನವರು ಏನೂ ತಿನ್ನಿಸಬಾರದಂತೆ. ನೆಲದ ಮೇಲೆ ಕೂತ ಅಜ್ಜಿಯನ್ನು ಕಂಡು, ‘ಕ್ಷಮಿಸಿ ಮೇಡಂ, ನೀವು ಇಲ್ಲಿ ಇರೋ ಹಾಗಿಲ್ಲ,’ ಎಂದಳು.

ಶಿಜು ಅಜ್ಜಿ ಅವಳನ್ನೇ ನೋಡಿದಳು. ‘ಏನಂದೆ? ಇನ್ನೊಂದು ಸಲ ಹೇಳು.’

‘ನೀವು ಇಲ್ಲಿ ಇರೋ ಹಾಗಿಲ್ಲ, ಮೇಡಂ. ಹೊರಡಬೇಕು.’

ಅಜ್ಜಿ ನಗತೊಡಗಿದಳು. ಕಂಬಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ‘ಎಪ್ಪತ್ತೆರಡು ವರ್ಷ ತಡವಾಗಿ ಬಂದೆಯಲ್ಲೇ ಮಗೂ!’ ಪಾಪ, ಆ ಹೆಂಗಸಿಗೆ ಏನೂ ತಿಳಿಯದೆ ಅವಳೂ ನಕ್ಕಳು. ಎಬ್ಬಿಸಲು ಕೈಯನ್ನೂ ಕೊಟ್ಟಳು.

ಕೊಟ್ಟಿಗೆ ಬಿಡುವಾಗ ಅತ್ತೆ ಹೇಳಿಕೊಟ್ಟ ಹಾಗೆ ಅಜ್ಜಿ ತಾತನ ಹೆಸರು ಹಿಡಿದು ಮೂರು ಸಲ ಕರೆದಳು. ಆಮೇಲೆ ಯಾರೂ ಹಿಂದೆ ತಿರುಗಿ ನೋಡುವಂತಿಲ್ಲ. ಸ್ಕೋನ್ ಅಂಗಡಿಯ ಮುಂದೆ ಕೂಡ ನಾನು ಕತ್ತು ಹೊರಳಿಸಲಿಲ್ಲ.

ಹೊರಬಾಗಿಲಿನಲ್ಲಿ ಒಬ್ಬಾತ ಶಾಯಿಯ ಮುದ್ರೆ ಹಿಡಿದು ನಿಂತಿದ್ದ. ಹೊರಗೆ ಹೋಗಿ ಅದೇ ದಿನ ಮತ್ತೆ ಬರುವವರ ಕೈಗೆ ಅದನ್ನು ಒತ್ತುವುದು ಅವನ ಕೆಲಸ. ‘ಮತ್ತೆ ಒಳಗೆ ಬರ್ತೀರಾ?’ ಎಂದ.

ಶಿಜು ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ‘ಇಲ್ಲ. ನಾವು ನಾಲ್ಕೂ ಜನ ಹೊರಟ್ವಿ. ಬರೋದಿಲ್ಲ.’

ಅವನು ನಮ್ಮ ಮೂವರನ್ನು ಎಣಿಸಿ, ಹಿಂದೆ ಯಾರಾದರೂ ಇದ್ದಾರೋ ಎಂದು ಇಣುಕಿ ನೋಡಿದ. ನಾವು ನೋಡಲಿಲ್ಲ.

ಮುಚ್ಚಳದ ಹೆಂಡ ಇಳಿಯಲಿ ಎಂದು ಕಾರಿನ ಪಕ್ಕ ಎರಡು ಗಂಟೆ ಹುಲ್ಲಿನ ಮೇಲೆ ಕೂರಿಸಿದೆ ಎಲ್ಲರನ್ನೂ. ಕಾನೂನು ಅಂದರೆ ಕಾನೂನು. ಹೊರಡುವಾಗ ಅತ್ತೆ ಮುಂದೆ ಕೂತರು. ಶಿಜು ಅಜ್ಜಿ ಹಿಂದೆ ಕಿಟಕಿಯ ಪಕ್ಕ ಕೂತು, ತನ್ನ ಚೀಲವನ್ನು ಪಕ್ಕದ ಸೀಟಿನಿಂದ ಎತ್ತಿ ಕಾಲ ಬಳಿ ಇಟ್ಟುಕೊಂಡಳು. ಸೀಟು ಖಾಲಿಯಾಯಿತು. ನಾನು ಕಾರು ಶುರು ಮಾಡಿದವಳು ಮತ್ತೆ ಆರಿಸಿ, ಇಳಿದು ಹಿಂದಿನ ಬಾಗಿಲು ತೆಗೆದು, ಆ ಖಾಲಿ ಸೀಟಿಗೆ ಬೆಲ್ಟ್ ಎಳೆದು ಹಾಕಿದೆ.